ಮುಳುಗಿದ ಹಡಗಿನ ಗಂಟೆ

ಯುದ್ಧದಲ್ಲಿ ಸೋತ ನೌಕಾಪಡೆಯೊಂದು ಇಡಿಯಾಗಿ ಕಡಲ ತಳ ಸೇರಿತ್ತು. ಅಲ್ಲೇ ಬಂಡೆಯ ಪೊಟರೆಯಲ್ಲಿದ್ದ ಆಕ್ಟೋಪಸ್ಸಿಗೆ ಆ ಹಡಗುಗಳ ಸಾಮಾನು ಕೂಡಿಡುವ ಹುಚ್ಚು. ನಾವಿಕರ ಅಂಗಿಯ ಗುಂಡಿ, ದುರ್ಬೀನು, ಮುರಿದ ಕತ್ತಿ, ಎಲ್ಲವನ್ನೂ ಉಜ್ಜಿ ಉಜ್ಜಿ ಸಾಲಾಗಿ ಇಟ್ಟಿತ್ತು. ಎಲ್ಲಕ್ಕಿಂತ ಅಚ್ಚುಮೆಚ್ಚು ಒಂದು ಕಂಚಿನ ಗಂಟೆ. ನೋಡಲು ಯಾರೇ ಬರಲಿ, ಅದನ್ನು ಬಾರಿಸಿ ಕೇಳಿಸದೆ ಕಳಿಸುತ್ತಿರಲಿಲ್ಲ.

ಒಂದು ದಿನ ಮುದಿ ಕಡಲಾಮೆಯೊಂದು ಆ ದನಿ ಕೇಳಲೆಂದೇ ದೂರದಿಂದ ಬಂದಿತು. ಆಕ್ಟೋಪಸ್ ಹಿಗ್ಗಿನಿಂದ ಗಂಟೆಯತ್ತ ತೋಳು ಚಾಚಿತು.

"ಇವತ್ತು ಬಾರಿಸಬೇಡ ತಾಯಿ," ಎಂದಿತು ಗಂಟೆ. "ನನ್ನೊಳಗೆ ಪುಟ್ಟ ಮೀನೊಂದು ಮೊಟ್ಟೆ ಅಂಟಿಸಿದೆ. ನಾನು ಅದುರಿದರೆ ಎಲ್ಲ ಉದುರಿಹೋಗುತ್ತವೆ."

ಆಕ್ಟೋಪಸ್ಸಿಗೆ ಸಿಟ್ಟು ಬಂತು. "ಅಜ್ಜಿ ಅಷ್ಟು ದೂರದಿಂದ ಬಂದಿದ್ದಾರೆ. ನಿನ್ನ ದನಿಯಿಲ್ಲದಿದ್ದರೆ ಇದೆಲ್ಲ ಬರೀ ತುಕ್ಕು ಕಬ್ಬಿಣ!"

"ಹಡಗು ಮುಳುಗಿದ ದಿನ ಗಂಟಲು ಹರಿಯುವಂತೆ ಕೂಗಿಕೊಂಡೆ. ಒಬ್ಬರನ್ನೂ ಉಳಿಸಲಾಗಲಿಲ್ಲ. ಈಗ ಸುಮ್ಮನಿದ್ದರೆ ಸಾಕು, ಇಷ್ಟೂ ಜೀವಗಳು ಉಳಿಯುತ್ತವೆ. ಸುಮ್ಮನಿರಲು ಬಿಡು."

ಚಾಚಿದ ತೋಳು ಚಾಚಿದ್ದಲ್ಲೇ ನಿಂತಿತು. ಅಷ್ಟರಲ್ಲಿ ನೀರಿನ ಸೆಳೆತಕ್ಕೆ ಗಂಟೆಯ ನಾಲಗೆ ತಾನಾಗಿ ತೂಗತೊಡಗಿತು. ಆಕ್ಟೋಪಸ್ ತಟ್ಟನೆ ಅದನ್ನು ತೋಳಿನಲ್ಲಿ ಸುತ್ತಿ ಹಿಡಿಯಿತು. ಸೆಳೆತ ನಿಂತರೂ ಬಿಡಲಿಲ್ಲ.

"ಗಂಟೆ ಕೇಳಲು ಬಂದಿದ್ದೆನಲ್ಲ ಮಗಳೇ?" ಎಂದಿತು ಆಮೆ.

"ಇನ್ನೊಮ್ಮೆ ಬನ್ನಿ ಅಜ್ಜಿ," ಎಂದು ಆಕ್ಟೋಪಸ್ ಪಿಸುಗುಟ್ಟಿತು. "ಹೋಗುವಾಗ ನೀರು ಕಲಕಬೇಡಿ. ಒಳಗೆ ಮಕ್ಕಳು ಮಲಗಿವೆ."