ಬೆಲ್ಲದ ವ್ಯಾಪಾರಿಯ ಸಮಪಾಲು

"ಗುರುಗಳೇ, ಒಡಹುಟ್ಟಿದವರ ದುರಾಸೆಗೆ ಮದ್ದೇನು?" ಎಂದು ತೋಟಪ್ಪ ಕೇಳಿದ.

"ಯಾರ ದುರಾಸೆ?" ಎಂದರು ಗುರುಗಳು.

"ನನ್ನ ತಂಗಿ ಹಾಲಮ್ಮನದು. ಅಮ್ಮ ಹೋಗಿ ಇನ್ನೂ ತಿಂಗಳಾಗಿಲ್ಲ, ಆಗಲೇ ಪಾಲು ಕೇಳಿಕೊಂಡು ಬಂದಿದ್ದಾಳೆ. ಹೊಲ ಕೇಳಿದ್ದರೆ ಹೋಗಲಿ ಅನ್ನಬಹುದಿತ್ತು, ಅದು ಬೇಡವಂತೆ. ಅಮ್ಮ ಹೊದೆಯುತ್ತಿದ್ದ ಕಂಬಳಿಯಲ್ಲಿ ಪಾಲು ಬೇಕು, ನೀರು ಕುಡಿಯುತ್ತಿದ್ದ ಚೊಂಬಿನಲ್ಲಿ ಪಾಲು ಬೇಕು, ಎಲೆ ಅಡಿಕೆ ಸಂಚಿಯಲ್ಲೂ ಪಾಲು ಬೇಕು. ಎಲ್ಲದಕ್ಕೂ ಬೆಲೆ ಕಟ್ಟಿ ಎರಡರಷ್ಟು ಕೊಡ್ತೀನಿ, ತಗೊಂಡು ಹೋಗು ಅಂದೆ. ದುಡ್ಡು ಮುಟ್ಟಲಿಲ್ಲ. ಅರ್ಧ ನನ್ನದು, ಅರ್ಧ ನನ್ನದು ಅಂತ ಸಂಜೆವರೆಗೂ ಜಗಲಿ ಮೇಲೆ ಕೂತಿದ್ದಳು. ಉಂಡು ಉಟ್ಟು ಚೆನ್ನಾಗಿರೋ ಹೆಂಗಸು, ಅವಳಿಗೆ ಯಾವುದಕ್ಕೂ ಕಡಿಮೆಯಿಲ್ಲ. ನಾಳೆ ಮತ್ತೆ ಬರ್ತಾಳೆ. ಬಾಗಿಲು ತೆಗೀಬೇಕೋ, ಹಾಕ್ಕೋಬೇಕೋ, ನೀವೇ ಹೇಳಿ."

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ದಿನವೆಲ್ಲ ಬೆಲ್ಲದ ನಡುವೆ ಕೂತರೂ ಅವನ ಮುಖದಲ್ಲಿ ಒಂದು ತೊಟ್ಟು ಸಿಹಿ ಇರಲಿಲ್ಲ. ಅದಕ್ಕೆ ಕಾರಣವಿತ್ತು. ಅವನಿಗಿನ್ನೂ ಮೀಸೆ ಮೂಡದಿದ್ದ ಕಾಲದಲ್ಲಿ ತಂದೆ ತೀರಿಕೊಂಡರು. ಅಣ್ಣನಾದವನು ಅಂಗಡಿ, ಮನೆ ಎರಡನ್ನೂ ನುಂಗಿ ನೀರು ಕುಡಿದ. ತಮ್ಮನ ಕೈಗೆ ಒಂದು ಹಳೆಯ ತಕ್ಕಡಿ ಕೊಟ್ಟು, ದುಡಿದು ತಿನ್ನು ಎಂದು ಹೊರಗೆ ಕಳಿಸಿದ. ತಾಯಿ ಬಾಗಿಲ ಹಿಂದೆಯೇ ನಿಂತಿದ್ದಳು. ಬೇಡ ಎಂದು ಒಂದು ಮಾತು ಹೇಳಲಿಲ್ಲ. ಅಂಗಡಿ ಕೈತಪ್ಪಿದ್ದನ್ನು ಅವನು ಕಾಲಕ್ರಮದಲ್ಲಿ ಮರೆತ, ತಾಯಿ ಸುಮ್ಮನೆ ನಿಂತದ್ದನ್ನು ಮರೆಯಲಾರದೆ ಹೋದ.

ಆ ತಕ್ಕಡಿಯನ್ನು ಹೆಗಲಿಗೆ ಹಾಕಿಕೊಂಡು ಅವನು ಸಂತೆ ಸಂತೆ ತಿರುಗಿದ. ಬೆಲ್ಲದ ಚೂರು ಮಾರಿದ, ಆಮೇಲೆ ಅಚ್ಚು ಮಾರಿದ, ಆಮೇಲೆ ಮೂಟೆ ಮಾರಿದ. ಅಂಗಡಿ ಹಾಕಿದ, ಮನೆ ಕಟ್ಟಿದ, ಮದುವೆಯಾದ. ಎರಡು ವರ್ಷದ ಅಂತರದಲ್ಲಿ ಇಬ್ಬರು ಗಂಡುಮಕ್ಕಳು ಹುಟ್ಟಿದರು. ಕಿರಿಯವನನ್ನು ತೊಟ್ಟಿಲಿಗೆ ಹಾಕಿದ ದಿನ ವ್ಯಾಪಾರಿ ಇಬ್ಬರ ಮುಖವನ್ನೂ ನೋಡಿದ. ತನಗಾದದ್ದು ಈ ಮನೆಯಲ್ಲಿ ಯಾರಿಗೂ ಆಗಬಾರದು ಎಂದು ಗಟ್ಟಿ ಮಾಡಿಕೊಂಡ. ಮಾರನೆಯ ದಿನ ಆ ಹಳೆಯ ತಕ್ಕಡಿ ಅಡುಗೆಮನೆಯ ತೊಲೆಯಲ್ಲಿ ನೇತಾಡುತ್ತಿತ್ತು.

"ಇದೇನ್ರೀ, ಒಲೆ ಮುಂದೆಯೂ ಅಂಗಡಿಯಾ?" ಎಂದು ಹೆಂಡತಿ ಕೇಳಿದಳು.

"ಇಬ್ಬರಿಗೂ ಸಮ. ಒಂದು ಚೂರೂ ಆ ಕಡೆ ಈ ಕಡೆ ಆಗಕೂಡದು," ಎಂದ ಅವನು.

ಅವಳು ನಕ್ಕಳು. ನಾಲ್ಕು ದಿನದ ಹುಚ್ಚು, ಇಳಿದುಹೋಗುತ್ತದೆ ಎಂದುಕೊಂಡಳು. ಇಳಿಯಲಿಲ್ಲ. ಹಬ್ಬದ ಹೋಳಿಗೆ ತಕ್ಕಡಿಗೆ ಬಂತು, ಸಂತೆಯ ಕಡಲೆ ತಕ್ಕಡಿಗೆ ಬಂತು. ಬಟ್ಟೆಯನ್ನು ಒಂದೇ ತಾನಿನಿಂದ ಒಂದೇ ಅಳತೆಗೆ ಕತ್ತರಿಸಬೇಕೆಂದು ದರ್ಜಿಗೆ ತಾಕೀತಾಯಿತು. ಹಾಗಾಗಿ ಹಿರಿಯವನ ಅಂಗಿ ಕಂಕುಳಲ್ಲಿ ಬಿಗಿಯುತ್ತಿತ್ತು, ಕಿರಿಯವನದು ಮೊಣಕಾಲಿಗೆ ಬರುತ್ತಿತ್ತು. ಇಬ್ಬರಿಗೂ ಒಪ್ಪದ ಅಂಗಿಯನ್ನು ನೋಡಿ ತಂದೆ ಮಾತ್ರ ಖುಷಿಪಡುತ್ತಿದ್ದ.

ಒಮ್ಮೆ ಸಂತೆಯಿಂದ ಬರುವಾಗ ಹಿರಿಯವನ ಕಾಲಿಗೆ ಜಾಲಿಮುಳ್ಳು ಚುಚ್ಚಿತು. ವ್ಯಾಪಾರಿ ಅವನನ್ನು ಕಾಲುವೆಯ ಬಳಿಯಿಂದ ಮನೆಯವರೆಗೆ ಹೊತ್ತು ತಂದ. ಕಿರಿಯವನು ಪಕ್ಕದಲ್ಲಿ ನಡೆದು ಬಂದ. ಮನೆ ಸೇರಿದ ಮೇಲೆ ತಂದೆಯ ಎದುರು ನಿಂತು, "ಅಪ್ಪ, ಸಮ ಆಗಲಿಲ್ಲ," ಎಂದ. ಮಾರನೆಯ ದಿನ ವ್ಯಾಪಾರಿ ಕಿರಿಯವನನ್ನು ಕಾಲುವೆಯವರೆಗೆ ನಡೆಸಿಕೊಂಡು ಹೋಗಿ, ಅಲ್ಲಿಂದ ಹೆಗಲ ಮೇಲೆ ಹೊತ್ತು ವಾಪಸು ಬಂದ. ದಾರಿಯಲ್ಲಿ ಸಿಕ್ಕವರು ಮಗುವಿಗೆ ಏನಾಯಿತೆಂದು ಗಾಬರಿಯಿಂದ ಕೇಳಿದರು. ಏನೂ ಆಗಿಲ್ಲ, ನಿನ್ನೆಯದನ್ನು ಸರಿದೂಗಿಸುತ್ತಿದ್ದೇನೆ ಎಂದ. ಪೇಟೆ ಮೊದಲು ನಕ್ಕಿತು, ಆಮೇಲೆ ಹೊಗಳಿತು. ಅಪ್ಪನೆಂದರೆ ಹೀಗಿರಬೇಕು ಎಂದರು. ಹೊಗಳಿಕೆ ಯಾರಿಗೆ ಬೇಡ, ಅವನಿಗೂ ಹಿತವಾಗಿಯೇ ಇತ್ತು.

ಅಲ್ಲಿಂದ ಮುಂದೆ ಮಕ್ಕಳಿಗೆ ಆ ಮಾತೇ ರೂಢಿಯಾಯಿತು. ಬಿದ್ದರೂ ಅದೇ, ಹಸಿದರೂ ಅದೇ, ಯಾರಾದರೂ ಬೈದರೂ ಅದೇ. ಅಪ್ಪ, ಸಮ ಆಗಲಿಲ್ಲ ಎಂದರೆ ಸಾಕು, ವ್ಯಾಪಾರಿ ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಿದ್ದ. ಬೇರೆ ಯಾವ ಮಾತಿಗೂ ಅವನು ಅಷ್ಟು ಬೇಗ ತಿರುಗಿ ನೋಡುತ್ತಿರಲಿಲ್ಲ.

ಹಿರಿಯವನಿಗೆ ಹನ್ನೆರಡು, ಕಿರಿಯವನಿಗೆ ಹತ್ತು ತುಂಬಿದ ವರ್ಷ ಅವರ ತಾಯಿ ಸತ್ತಳು. ಪಡಸಾಲೆಯ ಒಂದು ಮೂಲೆಯಲ್ಲಿ ಒಬ್ಬ, ಇನ್ನೊಂದು ಮೂಲೆಯಲ್ಲಿ ಇನ್ನೊಬ್ಬ ಕೂತು ಅಳುತ್ತಿದ್ದರು. ವ್ಯಾಪಾರಿಯ ಕರುಳು ಕಿತ್ತು ಬಂತು. ಹೋಗಿ ತಬ್ಬಿಕೊಳ್ಳಬೇಕು ಎಂದು ಎದ್ದ. ಯಾರನ್ನು ಮೊದಲು? ಹಿರಿಯವನ ಹತ್ತಿರ ಹೋದರೆ ಕಿರಿಯವನಿಗೆ ಅನ್ಯಾಯ, ಕಿರಿಯವನ ಹತ್ತಿರ ಹೋದರೆ ಹಿರಿಯವನಿಗೆ. ಅವನು ಪಡಸಾಲೆಯ ನಡುಮಧ್ಯದಲ್ಲಿ ಬಹಳ ಹೊತ್ತು ನಿಂತಿದ್ದು, ಕೊನೆಗೆ ಯಾರ ಹತ್ತಿರಕ್ಕೂ ಹೋಗಲಿಲ್ಲ. ಒಳಗಿನಿಂದ ಹೆಂಡತಿಯ ಗುಂಡಿನ ಸರ ತಂದು ದಾರ ಕಿತ್ತ. ಇಪ್ಪತ್ತೊಂದು ಚಿನ್ನದ ಗುಂಡುಗಳಿದ್ದವು. ಹತ್ತು ಹಿರಿಯವನ ಬೊಗಸೆಗೆ ಹಾಕಿದ, ಹತ್ತು ಕಿರಿಯವನ ಬೊಗಸೆಗೆ ಹಾಕಿದ. ಉಳಿದ ಒಂದನ್ನು ಅಕ್ಕಸಾಲಿಯನ್ನು ಕರೆಸಿ ಎರಡು ತುಂಡು ಮಾಡಿಸಿದ. ಮಕ್ಕಳು ಬೊಗಸೆಯಲ್ಲಿದ್ದ ಚಿನ್ನವನ್ನು ನೋಡಿದರು, ಒಬ್ಬರ ಬೊಗಸೆಯನ್ನು ಒಬ್ಬರು ನೋಡಿದರು. ಅಳು ನಿಂತಿತು. ಸರಿಯಾಗಿ ಪಾಲು ಮಾಡಿದರೆ ತಾಯಿ ಸತ್ತ ದುಃಖವೂ ಇಳಿಯುತ್ತದೆ ಎಂದು ಅವನು ಅಂದು ನಂಬಿದ. ಅವನನ್ನು ಬೇಕಾದಷ್ಟು ಬೈಯಬಹುದು. ಆದರೆ ಆ ಮಕ್ಕಳ ಮೇಲೆ ಅವನಿಗಿದ್ದ ಪ್ರೀತಿಯಲ್ಲಿ ಕಲಬೆರಕೆ ಇರಲಿಲ್ಲ.

ಮಕ್ಕಳು ದೊಡ್ಡವರಾದರು. ಒಂದೇ ಚಪ್ಪರದಲ್ಲಿ ಒಂದೇ ಮುಹೂರ್ತಕ್ಕೆ ಇಬ್ಬರ ಮದುವೆಯಾಯಿತು. ಅಂಗಡಿಯ ನಡುವೆ ಒಂದು ಹಲಗೆ ಎದ್ದಿತು, ಆ ಕಡೆ ಹಿರಿಯವನು, ಈ ಕಡೆ ಕಿರಿಯವನು. ಒಂದೇ ವರ್ಷದಲ್ಲಿ ಇಬ್ಬರಿಗೂ ಒಬ್ಬೊಬ್ಬ ಮಗ ಹುಟ್ಟಿದ. ವ್ಯಾಪಾರಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದೇವರೇ ತನ್ನ ಮನೆಯ ತಕ್ಕಡಿ ನೋಡಿಕೊಂಡು ಕೊಟ್ಟಿದ್ದಾನೆ ಎಂದು ಕಂಡಕಂಡವರಿಗೆಲ್ಲ ಹೇಳಿದ. ಆಸ್ತಿಗಾಗಿ ಕಿತ್ತಾಡುವವರು ನ್ಯಾಯ ಕೇಳಲು ಅವನ ಅಂಗಡಿಗೇ ಬರತೊಡಗಿದರು. ಅಣ್ಣ ಮನೆ ಒಡೆದ ಹಾಗೆ ತನ್ನ ಮನೆ ಒಡೆಯಲು ತಾನು ಬಿಡಲಿಲ್ಲ ಎಂಬ ಒಂದು ಹೆಮ್ಮೆಯ ಮೇಲೆ ಅವನು ಬದುಕಿದ್ದ.

ಮೊಮ್ಮಕ್ಕಳಿಗೆ ಆರು ತುಂಬಿದಾಗ ಕಿರಿಯವನ ಮಗನಿಗೆ ಜ್ವರ ಬಂತು. ಸೋಮವಾರ ಮೈ ಬಿಸಿಯಾಗಿದೆ ಎಂದರು. ಗುರುವಾರ ಮಗು ಇರಲಿಲ್ಲ.

ಮನೆಗೆ ಸಿಡಿಲು ಬಡಿದಂತಾಯಿತು. ಒಲೆ ಹೊತ್ತಿಸಲು ಯಾರಿಗೂ ನೆನಪಾಗಲಿಲ್ಲ. ವ್ಯಾಪಾರಿ ಎರಡು ಸಲ ಕಿರಿಯ ಮಗನ ಕೋಣೆಯ ಬಾಗಿಲವರೆಗೆ ಹೋದ, ಎರಡು ಸಲವೂ ತಿರುಗಿ ಬಂದ. ಮಗನ ಹತ್ತಿರ ಬರಿಗೈಯಲ್ಲಿ ಹೋಗಿ ಅವನಿಗೆ ಅಭ್ಯಾಸವಿರಲಿಲ್ಲ. ಕೊಡಲು ಏನಿದೆ ಎಂದು ಹುಡುಕಿದ, ಏನೂ ಸಿಗಲಿಲ್ಲ. ಹೋಗಿ ಏನು ಹೇಳುವುದೆಂದು ತಿಳಿಯದೆ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತ.

ಹನ್ನೊಂದನೆಯ ದಿನ ಮಧ್ಯಾಹ್ನ ಕಿರಿಯವನು ತಾನಾಗಿಯೇ ಹೊರಗೆ ಬಂದ. ಗಡ್ಡ ಬೆಳೆದಿತ್ತು, ಕಣ್ಣು ಗುಳಿ ಬಿದ್ದಿತ್ತು. ಹಿರಿಯವನು ತನ್ನ ಮಗನ ಕೈ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಕಿರಿಯವನು ಅವರತ್ತ ನೋಡಲಿಲ್ಲ. ನೇರವಾಗಿ ಬಂದು ತಂದೆಯ ಕಾಲ ಬಳಿ ಕೂತ.

"ಅಪ್ಪ," ಎಂದ, "ಸಮ ಆಗಲಿಲ್ಲ."

ಕೋಪವಿಲ್ಲ, ಜಗಳವಿಲ್ಲ. ಚಿಕ್ಕಂದಿನಲ್ಲಿ ನೋಡುತ್ತಿದ್ದ ಹಾಗೆಯೇ ತಂದೆಯ ಮುಖ ನೋಡುತ್ತ ಕೂತ.

ಆ ಮಾತು ಕಿವಿಗೆ ಬಿದ್ದರೆ ವ್ಯಾಪಾರಿಯ ಕಣ್ಣು ತಾನಾಗಿಯೇ ಇನ್ನೊಬ್ಬನ ಪಾಲಿನ ಕಡೆ ಹೊರಳುವುದು ಮೂವತ್ತು ವರ್ಷದ ಅಭ್ಯಾಸ. ಈಗಲೂ ಹೊರಳಿತು. ಬಾಗಿಲಲ್ಲಿ ನಿಂತಿದ್ದ ಮೊಮ್ಮಗನ ಮೇಲೆ ಒಂದು ಗಳಿಗೆ ನಿಂತಿತು. ಒಂದೇ ಗಳಿಗೆ. ತಾನು ಏನನ್ನು ನೋಡುತ್ತಿದ್ದೇನೆ ಎಂದು ಅರಿವಾದೊಡನೆ ಅವನು ಕಣ್ಣು ಕಿತ್ತುಕೊಂಡ.

ಹಿರಿಯವನು ಆ ನೋಟವನ್ನು ಕಂಡಿದ್ದ. ಮಗುವನ್ನು ಸರಕ್ಕನೆ ಬೆನ್ನ ಹಿಂದಕ್ಕೆ ಎಳೆದುಕೊಂಡ.

"ಅಪ್ಪ, ಅಂಗಡಿ ಅವನಿಗೇ ಇರಲಿ. ಮನೆಯೂ ಅವನಿಗೇ ಇರಲಿ, ನನ್ನ ಪಾಲಿನದು ಒಂದೂ ಬೇಡ. ನಿಮ್ಮ ಕಾಲಿಗೆ ಬೀಳ್ತೀನಿ, ಇವನನ್ನು ಮಾತ್ರ ಕೇಳಬೇಡಿ."

ನಾನು ಅಂಥವನೇನೋ ಎಂದು ವ್ಯಾಪಾರಿ ಕೇಳಬೇಕೆಂದಿದ್ದ. ತಾನು ಎತ್ತಿ ಸಾಕಿದ ಮಗ ತನ್ನನ್ನು ಕಂಡು ಹೆದರುತ್ತಿದ್ದಾನೆ. ಮಗುವನ್ನು ಕಳ್ಳರಿಂದ ಬಚ್ಚಿಡುವ ಹಾಗೆ ಅಜ್ಜನಿಂದ ಬಚ್ಚಿಡುತ್ತಿದ್ದಾನೆ. ಇದಕ್ಕಿಂತ ಹೆಚ್ಚಾಗಿ ಅವನನ್ನು ದಂಗುಬಡಿಸಿದ್ದು ಇನ್ನೊಂದಿತ್ತು. ಮಗ ಹೆದರಿದ್ದು ತಪ್ಪು ಎಂದು ಎದೆ ತಟ್ಟಿ ಹೇಳಲು ಅವನಿಗೆ ಧೈರ್ಯ ಬರಲಿಲ್ಲ.

ಹೊತ್ತು ಇಳಿಯುವ ಮೊದಲೇ ಹಿರಿಯವನು ಗಾಡಿ ಕಟ್ಟಿಸಿದ. ಹೆಂಡತಿ, ಮಗ, ಒಂದು ಗಂಟು ಬಟ್ಟೆ, ಇಷ್ಟೇ. ತನ್ನ ಬೀಗದ ಕೈಗೊಂಚಲನ್ನು ಹೊಸಿಲ ಮೇಲಿಟ್ಟು ಗಾಡಿ ಹತ್ತಿದ. ವ್ಯಾಪಾರಿ ತಡೆಯಲಿಲ್ಲ, ತಡೆಯಲು ಯಾವ ಮಾತಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಗಾಡಿ ಬೀದಿ ದಾಟಿ ಕಣ್ಮರೆಯಾಯಿತು.

ಕಿರಿಯವನು ಮಾತ್ರ ಕೂತ ಜಾಗ ಬಿಟ್ಟು ಎದ್ದಿರಲಿಲ್ಲ. ವ್ಯಾಪಾರಿ ಅವನನ್ನು ನೋಡಿದ. ಏನಾದರೂ ಮಾಡಬೇಕು ಎನ್ನಿಸಿತು, ತುಂಬ ಎನ್ನಿಸಿತು. ಆಮೇಲೆ ಅವನು ಮಾಡಿದ್ದನ್ನು ಹೇಳಲು ನನಗೇ ಬಾಯಿ ಬರುವುದಿಲ್ಲ. ಹೊಸಿಲ ಮೇಲಿದ್ದ ಬೀಗದ ಕೈಗೊಂಚಲನ್ನು ತಂದು ಮಗನ ಮುಂದೆ ಇಟ್ಟ.

"ತಗೋ ಮಗನೇ. ಅವನ ಪಾಲೂ ಇನ್ನು ನಿನ್ನದೇ."

ಕಿರಿಯವನು ಬೀಗದ ಕೈ ನೋಡಿದ. ತಲೆ ಎತ್ತಿ ತಂದೆಯನ್ನು ನೋಡಿದ. ಮಗುವನ್ನು ಮಣ್ಣಿಗಿಟ್ಟು ಬಂದ ದಿನ ಅವನ ಮುಖದಲ್ಲಿ ದುಃಖವಿತ್ತು. ಈಗ ಇದ್ದದ್ದು ದುಃಖವಲ್ಲ. ಯಾವುದೋ ಊರಿನಲ್ಲಿ ಯಾರದೋ ಬಾಗಿಲು ತಟ್ಟಿಬಿಟ್ಟವನು ನೋಡುವ ಹಾಗೆ ನೋಡಿದ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಬೀಗದ ಕೈ ಅಲ್ಲೇ ಬಿದ್ದಿತ್ತು.

ಅದಾದ ಮೇಲೆ ತಂದೆ ಮಗ ಒಂದೇ ಸೂರಿನಡಿ ಒಂಬತ್ತು ವರ್ಷ ಇದ್ದರು. ಹೊತ್ತಿಗೆ ಸರಿಯಾಗಿ ತಂದೆಗೆ ಊಟ ಬರುತ್ತಿತ್ತು, ಬೇಸಿಗೆಗೆ ಹೊಸ ಪಂಚೆ ಬರುತ್ತಿತ್ತು, ಮೈಗೆ ಸರಿಯಿಲ್ಲದಾಗ ಕಷಾಯ ಬರುತ್ತಿತ್ತು. ಮಗನ ಬಾಯಿಂದ ಮಾತ್ರ ಒಂದು ಮಾತು ಬರಲಿಲ್ಲ. ತನಗೆ ಕಡಿಮೆಯಾಯಿತೆಂದೂ ಅವನು ಮತ್ತೆಂದೂ ಹೇಳಲಿಲ್ಲ. ಆ ಒಂದು ಮಾತನ್ನು ಇನ್ನೊಮ್ಮೆ ಕೇಳಲು ವ್ಯಾಪಾರಿ ದಿನವೂ ಕಾದ.

ಗುರುಗಳು ಕತೆ ನಿಲ್ಲಿಸಿದರು.



"ಎಂಥ ಕಲ್ಲೆದೆಯವನು ಗುರುಗಳೇ ಆ ಕಿರಿಯ ಮಗ," ಎಂದ ತೋಟಪ್ಪ. "ಆಸೆಗೂ ಒಂದು ಮಿತಿ ಬೇಡವಾ? ತನ್ನ ಮಗು ಹೋಯಿತು ಅಂತ ಯಾರಾದರೂ ಅಣ್ಣನ ಮಗುವಿನಲ್ಲಿ ಪಾಲು ಕೇಳ್ತಾರಾ?"

"ಅವನು ಪಾಲು ಕೇಳಲೇ ಇಲ್ಲ ತೋಟಪ್ಪ," ಎಂದರು ಗುರುಗಳು, "ಆ ಮನೆಯಲ್ಲಿ ಅಳುವುದಕ್ಕೆ ಬೇರೆ ಮಾತೇ ಇರಲಿಲ್ಲ."