ಫೂಲ್‌ಮಾಯಾಳ ಕೈ ಹಿಡಿದ ದ್ಯಾವಪ್ಪ

ಬನ್ನಿ, ಹತ್ತಿರ ಕೂತ್ಕಳಿ. ಯಾರಾದ್ರೂ ಒಬ್ಬರು ಹೂಂ ಅನ್ನಿ, ಇಲ್ಲಾಂದ್ರೆ ನನ್ನ ಕತೆ ಮುಂದಕ್ಕೆ ಹೋಗಲ್ಲ.

ದ್ಯಾವಪ್ಪ ಅಂತ ಒಬ್ಬ ಪೆದ್ದ ಇದ್ದ. ಅವನವ್ವ ಚೌಡಮ್ಮ ಸರ್ಕಾರಿ ಸ್ಕೂಲಲ್ಲಿ ಬಿಸಿಯೂಟ ಬೇಯಿಸೋಳು. ಮಗ ಮೂರು ವರ್ಷದಿಂದ ಮೂರನೇ ಕ್ಲಾಸಲ್ಲೇ ಕೂತಿದ್ದ. ಯಾಕೋ ಅಂದ್ರೆ, "ಮೇಷ್ಟ್ರು ಕೂತ್ಕೋ ಅಂದ್ರು, ಏಳು ಅನ್ನಲಿಲ್ಲವಲ್ಲ!" ಅನ್ನೋನು. ಚೌಡಮ್ಮ ಹಣೆ ಹಣೆ ಚಚ್ಕೊಳ್ಳೋಳು.

ಆ ಸ್ಕೂಲಿಗೆ ಫೂಲ್‌ಮಾಯಾ ಅಂತ ನೇಪಾಳದ ಹುಡುಗಿ ಬಂತು. ಅಪ್ಪ ಕರ್ಣ ತಮಾಂಗ್, ಕೋಳಿ ಫಾರಂ ಕಾವಲುಗಾರ. ಅಪ್ಪ ಅವ್ವ ಕೆಲಸಕ್ಕೆ ಹೋದ್ರೆ ಮಗೂನ ಕೋಣೆಗೆ ಹಾಕಿ ಹೊರಗಿಂದ ಬೀಗ! ಬೆಳಗಿಂದ ಸಂಜೇತನಕ ಆ ಕತ್ತಲೇಲಿ ಒಂದೇ ಜೀವ. ಹೆಡ್‌ಮೇಷ್ಟ್ರು ಅಪ್ಪನ್ನ ಬೇಡ್ಕೊಂಡು ಸ್ಕೂಲಿಗೆ ಕರ್ಕೊಂಡು ಬಂದ್ರು. ಬಂದ್ರೆ ಇಲ್ಲೂ ಭಯ. ಒಬ್ಬ ಕನ್ನಡ, ಒಬ್ಬ ಉರ್ದು, ಒಬ್ಬಳು ಲಂಬಾಣಿ, ಇನ್ನೊಬ್ಬ ತೆಲುಗು. ಪ್ರಾರ್ಥನೇಲಿ ಕೆಲವರು ಕೈ ಮುಗೀತಾರೆ, ಕೆಲವರು ಅಂಗೈ ಬಿಚ್ತಾರೆ. ತಾನೇನು ಮಾಡ್ಬೇಕೋ ತಿಳೀದೆ ಹುಡುಗಿ ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಕೊಂಡು ನಿಂತಿತ್ತು. ಮೇಷ್ಟ್ರು ಕೇಳಿದ್ರೂ ಬಾಯಿ ಬಿಡಲಿಲ್ಲ.

"ಲೋ ದ್ಯಾವಪ್ಪ, ಇವಳನ್ನ ನಿಮ್ಮನೆ ಮಗು ಥರ ನೋಡ್ಕೋ" ಅಂದ್ರು ಮೇಷ್ಟ್ರು.

"ಆಗಲಿ ಸಾ!" ಅಂದ. ಅವನ ಮನೇಲಿ ಮಗು ಅಂದ್ರೆ ಅವನೊಬ್ಬನೇ. ಅವನಿಗೆ ದಿನಾ ಆಗೋದೇನು? ಹೋಗಿ ಹುಡುಗಿ ಕಿವಿ ಹಿಂಡಿದ, ಕೈಗೆ ಪೊರಕೆ ಕೊಟ್ಟ, "ಏಳೇ ಸೋಂಬೇರಿ, ಗುಡಿಸು!" ಅಂದ. ಹುಡುಗಿ ಹೋ ಅಂತ ಅತ್ತಿತು.

"ಅಯ್ಯೋ ನಿನ್ನ ಬಾಯಿಗೆ ಮಣ್ಣಾಕ! ಮನೆಗೆ ಬಂದ ನೆಂಟರ ಥರ ನೋಡ್ಕೋಬೇಕು ಕಣೋ!" ಅಂದಳು ಚೌಡಮ್ಮ.

"ಆಗಲಿ ಕಣವ್ವ!"

ಮಾರನೇ ದಿನ ಕಾಲಿಗೆ ನೀರು ಕೊಟ್ಟ, ಗೋಣಿಚೀಲ ಹಾಸಿ ಕೂರಿಸಿದ. ಊಟ ಆಯ್ತು. ಊಟ ಆದ ಮೇಲೆ ನೆಂಟರಿಗೆ ಏನು ಮಾಡ್ತೀವಿ? ಚೀಲ ಹೊತ್ಕೊಂಡು ಹೋಗಿ ಬಸ್ ಹತ್ತಿಸ್ತೀವಲ್ಲ! ಇವನೂ ಹತ್ತಿಸಿಬಿಟ್ಟ. "ಹೋಗ್ಬನ್ನಿ, ಹೋಗ್ಬನ್ನಿ!" ಅಂತ ಬಸ್ಸು ಕಣ್ಣಿಗೆ ಕಾಣೋವರೆಗೂ ಕೈ ಬೀಸಿದ.

ಊರು ಗೊತ್ತಿಲ್ಲ, ಮಾತು ಗೊತ್ತಿಲ್ಲ, ಏಳು ವರ್ಷದ ಕೂಸು! ಮೇಷ್ಟ್ರು ಬೈಕಲ್ಲಿ ಅಟ್ಟಿಸ್ಕೊಂಡು ಹೋದ್ರೆ ನಾಲ್ಕನೇ ಸ್ಟಾಪಲ್ಲಿ ಸಿಕ್ಕಿತು. ಸೀಟಿನ ಕಂಬಿ ತಬ್ಬಿಕೊಂಡು, ಲಂಗ ಒದ್ದೆ ಮಾಡ್ಕೊಂಡು ಬಿಕ್ಕಳಿಸ್ತಿತ್ತು.

ಕರ್ಣ ಬಂದ, ಕಣ್ಣು ಕೆಂಪಗೆ. "ಇನ್ನೊಂದು ದಿನ ನೋಡ್ತೀನಿ. ನಾಳೆ ಮಗಳು ಅತ್ಕೊಂಡು ಬಂದ್ರೆ ಸ್ಕೂಲು ಬೇಡ. ಬೀಗಾನೇ ಗತಿ!"

ಚೌಡಮ್ಮ ಮಗನ ರಟ್ಟೆ ಹಿಡಿದು ಎಳೆದಳು. "ಕೇಳಿದ್ಯೇನೋ? ಮಗೂನ ಕೂಡಿ ಹಾಕ್ತಾರಂತೆ! ನಾಳೆ ನಾನು ಮೀಟಿಂಗಿಗೆ ಹೋಗ್ತೀನಿ. ಅವಳ ಕೈ ಬಿಡಬೇಡ. ನಾನು ಬಿಡು ಅನ್ನೋವರೆಗೂ ಬಿಡಬೇಡ!"

"ಆಗಲಿ ಕಣವ್ವ!"

ಹಿಡಿದ ನೋಡಿ, ಬಲಗೈಲಿ! ಪ್ರಾರ್ಥನೇಲಿ ಬಿಡಲಿಲ್ಲ, ಪಾಠದಲ್ಲಿ ಬಿಡಲಿಲ್ಲ. "ಛೋಡ್‌ರೇ!" ಅಂದ ಉರ್ದು ಹುಡುಗ ಇಮ್ತಿಯಾಜ಼್, ಬಿಡೋ ಅಂತ. "ವದ್ಲರಾ!" ಅಂತ ಅದನ್ನೇ ತೆಲುಗಲ್ಲಿ ಅಂದ ಓಬುಳೇಸು. "ಅವ್ವ ಹೇಳ್ಲಿ" ಅಂದ ಇವನು. ಊಟಕ್ಕೆ ಕೂತ್ರೆ ಎಡಗೈಲಿ ಉಣ್ಣಬಾರದಲ್ಲ? ಬಾಯಿ ತೆರ್ಕೊಂಡು ಕೂತ. ಫೂಲ್‌ಮಾಯಾ ನೋಡಿತು, ನೋಡಿತು, ಆಮೇಲೆ ತಾನೇ ಒಂದೊಂದು ತುತ್ತು ಅವನ ಬಾಯಿಗಿಟ್ಟಿತು.

ಸಂಜೆ ಕೈ ಹಿಡ್ಕೊಂಡೇ ಅವಳ ಮನೆಗೆ ಹೊರಟ. ಫಾರಂ ದಾರೀಲಿ ಕಾಲುವೆ. ಅಡ್ಡಕ್ಕೆ ಒಂದೇ ತೆಂಗಿನ ದಿಮ್ಮಿ, ಕೆಳಗೆ ಬುಸುಗುಡೋ ನೀರು. ದ್ಯಾವಪ್ಪ ಹೆದರಿ ಕಣ್ಣು ಮುಚ್ಕೊಂಡ. ಬೆಟ್ಟದ ಹುಡುಗಿ ಟಪಟಪ ನಡೀತಾ ಇವನನ್ನೇ ಎಳ್ಕೊಂಡು ಹೋಗ್ತಿತ್ತು. ಆಚೆ ದಡದಲ್ಲಿ ಕರ್ಣ, ಮಗಳ ಕಣ್ಣಲ್ಲಿ ನೀರಿದೆಯಾ ಅಂತ ದಿಟ್ಟಿಸ್ತಾ ನಿಂತಿದ್ದ.

ಮೀಟಿಂಗ್ ಮುಗಿಸಿ ಓಡ್ಬಂದ ಚೌಡಮ್ಮ ಈಚೆ ದಡದಿಂದ ಕೂಗಿದಳು, "ಇನ್ನೂ ಹಿಡ್ಕೊಂಡಿದ್ದೀಯೇನೋ? ಬಿಡೋ!"

ಬಿಟ್ಟ. ದುಡುಂ!

ದ್ಯಾವಪ್ಪ ಎದೆಮಟ್ಟ ನೀರಲ್ಲಿ. ಫೂಲ್‌ಮಾಯಾ ದಿಮ್ಮಿ ಮೇಲೆ ಬೋರಲು ಬಿದ್ದು ಕೈ ಚಾಚಿ ಕಿರಿಚಿತು, "ದ್ಯಾವಪ್ಪಾ! ಕೈ ಕೊಡೋ! ಕೈ ಕೊಡೋ!"

ಮೇಷ್ಟ್ರು ಕೇಳಿದ್ರೂ ಬಿಡದಿದ್ದ ಬಾಯಿ, ದಿನವಿಡೀ ಕೇಳಿದ ಕನ್ನಡದಲ್ಲೇ ಬಿಟ್ಟಿತು! ಕರ್ಣ ದಿಮ್ಮಿ ಹತ್ರಕ್ಕೆ ಓಡಿಬಂದ.

"ಕೊಡಲ್ಲ! ಅವ್ವ ಬಿಡು ಅಂದವಳೆ!"

"ಹಿಡ್ಕೊಳೋ, ನನ್ನಪ್ಪಾ!" ಅಂತ ಅತ್ತಳು ಚೌಡಮ್ಮ. ಹಿಡ್ಕೊಂಡ. ಅರ್ಧ ಮೇಲೆ ಬಂದ ಅವನನ್ನ ನೋಡಿ ಹುಡುಗಿ ಕಿಲಕಿಲ ನಕ್ಕಿತು. ಆ ನಗು ಕೇಳಿ ಕರ್ಣನ ಮುಖ ಸಡಿಲಾಯ್ತು. "ಹುಡುಗಾ, ನಾಳೆ ಬೆಳಿಗ್ಗೆ ಇಲ್ಲೇ ಇರು. ಮಗಳು ಸ್ಕೂಲಿಗೆ ಬರ್ತಾಳೆ" ಅಂದ.

ದ್ಯಾವಪ್ಪ ಹಿಡಿದ ಕೈ ಥಟ್ ಅಂತ ಬಿಟ್ಟು ಮತ್ತೆ ನೀರಿಗಿಳಿದ. ಚಳಿಗೆ ಹಲ್ಲು ಕಟಕಟ.

"ಅವ್ವಾ! ಬೆಳಿಗ್ಗೆ ಇಲ್ಲೇ ಇರಬೇಕಂತೆ. ಮುದ್ದೆ ಇಲ್ಲಿಗೇ ತಂದ್ಬಿಡು!"