ಆಕಳಿಗೆ ಒಗ್ಗಿದ ಮೇವು

“ನಲವತ್ತು ವರ್ಷದಿಂದ ಜನ ನಿಮ್ಮ ಕಾಲಿಗೆ ಬೀಳುತ್ತಿದ್ದಾರೆ, ಹಾರ ಹಾಕುತ್ತಿದ್ದಾರೆ, ಬಾಯಿ ತುಂಬ ಹೊಗಳುತ್ತಿದ್ದಾರೆ. ನಿಮಗೆ ಏನೂ ಆಗಲಿಲ್ಲ. ನನಗೆ ಮಾತ್ರ ಏನಾದೀತು ಎಂದು ತಡೆಯುತ್ತೀರಿ, ಗುರುಗಳೇ?”

ಕೇಳಿದವನು ಮುರಿಗಯ್ಯ, ಮಠದ ಕಿರಿಯ ಶಿಷ್ಯ. ದೂರದ ಊರಿನವರು ತಮ್ಮಲ್ಲಿ ಖಾಲಿ ಬಿದ್ದ ಪೀಠಕ್ಕೆ ಅವನನ್ನು ಕರೆದೊಯ್ಯಲು ಬಂದಿದ್ದರು. ಅವರ ಜೀಪು ಅಂಗಳದಲ್ಲಿ ನಿಂತಿತ್ತು. ಇನ್ನೆರಡು ವರ್ಷ ತಾಳು ಎಂದು ಗುರುಗಳು ಬೆಳಿಗ್ಗೆಯೇ ಹೇಳಿದ್ದರು. ಮುರಿಗಯ್ಯ ಗಂಟು ಕಟ್ಟಿಕೊಂಡೇ ಒಳಗೆ ಬಂದಿದ್ದ. ಬೇಡ ಎಂದರೆ ಗುರುವನ್ನೇ ಬಿಟ್ಟು ಹೋಗುವವನಂತಿದ್ದ.

ಗುರುಗಳಿಗೆ ಸಿಟ್ಟು ಬರದೆ ಇರಲಿಲ್ಲ. ಹೋದ ಸೋಮವಾರ ಪಕ್ಕದ ಊರಿನಲ್ಲಿ ಪ್ರವಚನ ಮಾಡಿ ಬಂದ ಈ ಹುಡುಗ, ಎಷ್ಟು ಜನ ತನ್ನ ಕಾಲಿಗೆ ಬಿದ್ದರು ಎಂಬುದನ್ನು ಒಂದು ಊಟ ಮುಗಿಯುವಷ್ಟರಲ್ಲಿ ಮೂರು ಸಲ ಹೇಳಿದ್ದ. ಅದನ್ನು ಅವರು ಎತ್ತಲಿಲ್ಲ.

“ಕೂತುಕೋ. ಜೀಪು ತಾನಾಗಿ ಓಡಿಹೋಗುವುದಿಲ್ಲ” ಎಂದು ಕತೆ ಶುರುಮಾಡಿದರು.

ಒಬ್ಬ ರೈತನಿದ್ದ. ಅವನ ಕೊಟ್ಟಿಗೆಯಲ್ಲಿ ಒಂದು ಮುದಿ ಆಕಳು, ಎರಡು ಮುದಿ ಎತ್ತು, ನಾಲ್ಕು ಎಳೆಗರು. ಕರುಗಳಲ್ಲಿ ಎರಡು ಬಿಳಿಯ ಹೋರಿಗರುಗಳು. ಅವು ಬದುಕುವುದಿಲ್ಲ ಎಂದು ಊರವರೆಲ್ಲ ಹೇಳಿದ್ದರು. ರೈತನ ಹೆಂಡತಿ ಗಂಜಿ ಕುಡಿಸಿ ಬದುಕಿಸಿಕೊಂಡಿದ್ದಳು. ಮುದಿ ಎತ್ತುಗಳು ಇನ್ನು ಹೆಚ್ಚು ದಿನ ನೇಗಿಲು ಎಳೆಯುವಂತಿರಲಿಲ್ಲ. ಮುಂದಿನ ಜೋಡಿ ಆ ಬಿಳಿಗರುಗಳೇ. ಮನೆಯ ಉಳುಮೆಯೆಲ್ಲ ಅವುಗಳ ಮೇಲೆ ನಿಂತಿತ್ತು.

ದೀಪಾವಳಿ ಸಮೀಪಿಸಿತು. ಚಳಿಗಾಲದಲ್ಲಿ ಕರುಗಳು ಮೇಯಲು ಏನು ಬಿತ್ತಬೇಕು ಎಂದು ರೈತ ಯೋಚಿಸಿದ. ಬಾವಿಯ ನೀರು ಅರ್ಧ ಎಕರೆಗೆ ಮಾತ್ರ ಸಾಕಾಗುತ್ತಿತ್ತು. ಆರಿಸುವುದರಲ್ಲಿ ತಪ್ಪಿದರೆ ಎರಡನೆಯ ಸಲ ಬಿತ್ತಲು ನೀರಿಲ್ಲ. ಜೋಳ ಬೇಗ ಏಳುತ್ತದೆ, ಆದರೆ ಎಳೆಯದಾಗಿದ್ದಾಗ ಮೇಯ್ದರೆ ವಿಷ. ಗೋಧಿ ಒಂದು ಸಲ ಮೇಯ್ದರೆ ಮತ್ತೆ ಅಷ್ಟು ಚಿಗುರದು. ಕುದುರೆ ಮೆಂತ್ಯ ಎಂಬ ಮೇವಿನ ಸೊಪ್ಪು ಚಳಿಯುದ್ದಕ್ಕೂ ಚಿಗುರುತ್ತದೆ, ತಿಂದ ಕರು ತಿಂಗಳಲ್ಲಿ ಮೈ ತುಂಬಿಕೊಳ್ಳುತ್ತದೆ.

“ಬರೇ ಕುದುರಿ ಮೆಂತ್ಯ ಬ್ಯಾಡ್ರಿ, ಹೊಟ್ಟಿ ಉಬ್ಬತಾವು” ಎಂದಳು ಹೆಂಡತಿ. “ಅರ್ಧ ಗೋದಿ ಕಲಸಿ ಬಿತ್ರಿ. ಹುಲ್ಲೂ ತಿನ್ಲಿ, ಸೊಪ್ಪೂ ತಿನ್ಲಿ.”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ಅವನು. ಬರೀ ಕುದುರೆ ಮೆಂತ್ಯವನ್ನೇ ಬಿತ್ತಿದ. ಬೆಳೆ ಮೊಣಕಾಲೆತ್ತರ ಬಂತು. ಊರಲ್ಲೆಲ್ಲ ಹುಲ್ಲು ಒಣಗಿದ್ದಾಗ ಅವನ ಹೊಲವೊಂದೇ ಹಸಿರಾಗಿತ್ತು.

ಹಾಗೆಂದು ಅವನು ದಡ್ಡನಲ್ಲ. ಹೆಂಡತಿಯ ಮಾತು ಒಳಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಮೊದಲು ಮುದಿ ಆಕಳನ್ನು ಬಿಟ್ಟು ನೋಡೋಣ, ಅದಕ್ಕೆ ಒಗ್ಗಿದರೆ ಕರುಗಳಿಗೂ ಒಗ್ಗುತ್ತದೆ ಎಂದುಕೊಂಡ. ಮೂರು ದಿನ, ಹಾಲು ಕರೆದಾದ ಮೇಲೆ, ಬಿಸಿಲೇರಿದಾಗ ಅದನ್ನು ಹೊಲಕ್ಕೆ ಹೊಡೆದುಕೊಂಡು ಹೋದ. ಅದು ಮೇಯುವಷ್ಟು ಹೊತ್ತೂ ಅದರ ಎಡಪಕ್ಕೆಯ ಮೇಲೆ ಕೈಯಿಟ್ಟು ನಿಂತ. ಆಕಳು ಮೇಯ್ದಿತು, ಮಲಗಿತು, ಮೆಲುಕು ಹಾಕಿತು. ಅದಕ್ಕೆ ಏನೂ ಆಗಲಿಲ್ಲ.

ನಗಬೇಡ ಮರಿ. ಅವನ ಜಾಗದಲ್ಲಿ ನೀನಿದ್ದರೂ ಇಷ್ಟೇ ನೋಡುತ್ತಿದ್ದೆ.

ಮೂರನೆಯ ದಿನ ಸಂಜೆ ಹೆಂಡತಿ ಕರುಗಳ ಮುಂದೆ ಕಣಿಕೆ ಹಾಕಲು ಬಂದಳು. ಕಣಿಕೆ ಎಂದರೆ ಒಣಗಿದ ಜೋಳದ ದಂಟು, ಒಣ ಮೇವು. ರೈತ ಅವಳ ತೋಳಿನಿಂದ ಅದನ್ನು ಕಸಿದು ಆಕಳ ಮುಂದೆ ಎಸೆದ. ಕರುಗಳು ಹಸಿದಷ್ಟೂ ನಾಳೆ ಹೊಲದಲ್ಲಿ ಚೆನ್ನಾಗಿ ಮೇಯುತ್ತವೆ ಎಂದ. ಅವುಗಳ ಮೇಲೆ ಅವನಿಗೆ ಅಷ್ಟು ಪ್ರೀತಿ.

ಬೆಳಗಾಯಿತು. ಹೊಲದ ತುಂಬ ಇಬ್ಬನಿ. ರೈತ ಬೇಲಿಯ ಬಾಗಿಲು ತೆಗೆದ. ಕರುಗಳು ಒಂದರ ಮೇಲೊಂದು ಬಿದ್ದು ನುಗ್ಗಿದವು, ತಲೆಯೆತ್ತದೆ ಮೇಯ್ದವು. ನೋಡು ಬಾ ಎಂದು ಅವನು ಹೆಂಡತಿಯನ್ನು ಕೂಗಿದ. ಅವಳು ಬರುವಷ್ಟರಲ್ಲಿ ಬಿಳಿಗರುಗಳಲ್ಲಿ ಚಿಕ್ಕದು ಮೇಯುವುದನ್ನು ನಿಲ್ಲಿಸಿತ್ತು. ಅದರ ಎಡಪಕ್ಕೆ ಉಬ್ಬಿತ್ತು. ರೈತ ಬೆರಳಿನಿಂದ ತಟ್ಟಿದ. ಡೋಲು ಬಡಿದಂತೆ ಸದ್ದಾಯಿತು.

ಇನ್ನೊಂದು ಕರು ನಿಂತಿತು. ಮತ್ತೊಂದು ನಾಲಿಗೆ ಹೊರಹಾಕಿತು. ಹೆಂಡತಿ ಮನೆಗೆ ಓಡಿ ಎಣ್ಣೆ ತಂದಳು, ಎಣ್ಣೆ ಕುಡಿಸುವ ಬಿದಿರಿನ ಗೊಟ್ಟ ತಂದಳು. ತೇಗು ಬಂದು ಗಾಳಿ ಹೊರಹೋಗಲೆಂದು ರೈತ ಬೇವಿನ ಕೋಲು ಮುರಿದು ಕರುಗಳ ಬಾಯಿಗೆ ಅಡ್ಡ ಕಟ್ಟಿದ. ಎಣ್ಣೆ ಕುಡಿಸಿದರು, ಪಕ್ಕೆ ಉಜ್ಜಿದರು, ಎಬ್ಬಿಸಿ ನಡೆಸಿದರು. ಬಿದ್ದರೆ ಮತ್ತೆ ಎಬ್ಬಿಸಿದರು. ಒಂದು ತೇಗಿತು. ಸ್ವಲ್ಪ ಹೊತ್ತಿಗೆ ಇನ್ನೊಂದು, ಆಮೇಲೆ ಮೂರನೆಯದು. ಚಿಕ್ಕ ಬಿಳಿಗರು ಏಳಲೇ ಇಲ್ಲ. ಹೆಂಡತಿಯ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಟ್ಟಿತು. ಜೋಡಿ ಒಡೆಯಿತು. ಇಬ್ಬನಿ ಇನ್ನೂ ಆರಿರಲಿಲ್ಲ.

ರೈತ ತಲೆ ಚಚ್ಚಿಕೊಂಡ. “ಮೂರು ದಿನ ನನ್ನ ಕಣ್ಣ ಮುಂದ ಮೇಯ್ತಲ್ಲ ಆ ಆಕಳ! ಅದಕ್ಕೇನೂ ಆಗ್ಲಿಲ್ಲ. ಇದಕ್ಯಾಕ ಹಿಂಗಾತು?”

ಹೆಂಡತಿ ಕರುವಿನ ಕಣ್ಣು ಮುಚ್ಚಿಸುತ್ತಿದ್ದಳು. ತಲೆಯೆತ್ತದೆ ಹೇಳಿದಳು: “ಆಕಳ ದಿನಾ ಕಣಿಕಿ ತಿಂದು ಹೋಗತಿತ್ರಿ. ಇವು ಹಸದು ಹೋದ್ವು.”

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಅಂಗಳದಲ್ಲಿ ಜೀಪು ಎರಡು ಸಲ ಹಾರ್ನ್ ಮಾಡಿತು. ಮುರಿಗಯ್ಯನ ಕಣ್ಣು ಬಾಗಿಲ ಕಡೆ ಹೋಗಿ ಮರಳಿ ಬಂತು. ಗುರುಗಳು ಎದ್ದು, ನೆಲದ ಮೇಲಿದ್ದ ಅವನ ಗಂಟನ್ನು ತಾವೇ ಎತ್ತಿ ಅವನ ಕೈಗೆ ಕೊಟ್ಟರು.

“ಹೋಗುವುದಾದರೆ ಹೋಗು, ನಾನು ತಡೆಯುವುದಿಲ್ಲ, ಹೊಸ್ತಿಲು ದಾಟುವ ಮುನ್ನ ಇದೊಂದು ಹೇಳಿ ಹೋಗು ಮರಿ, ನಿನಗೆ ಹಸಿವಾಗಿದೆಯೇ?”

ಮುರಿಗಯ್ಯ ಗಂಟು ಹಿಡಿದು ನಿಂತೇ ಇದ್ದ.